ಬಾಯಿ ಮುಂದೆ, ವಿಮಾನ ಹಿಂದೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸಿನಿಮಾ ಮುಗಿಯುವ ಕಾಲು ತಾಸು ಮೊದಲೇ ಕತ್ತಲಲ್ಲಿ ಚಪ್ಪಲಿ ಹುಡುಕುತ್ತೇನೆ. ಲೋಕಲ್ ರೈಲಿನಲ್ಲಿ ಕುರ್ಲಾ ಬರಲು ಇನ್ನೂ ಮೂರು ಸ್ಟೇಷನ್ ಇರುವಾಗಲೇ ಬಾಗಿಲಿಗೆ ಬಂದು ನಿಂತು, ಹತ್ತುವವರಿಂದಲೂ ಇಳಿಯುವವರಿಂದಲೂ ಬೈಸಿಕೊಳ್ಳುತ್ತೇನೆ. ಮದುವೆಯ ದಿನ ಪುರೋಹಿತರು ಏಳಿ ಎನ್ನುವ ಮೊದಲೇ ಎದ್ದು ನಿಂತೆನೆಂದು ನನ್ನ ಅತ್ತಿಗೆ ಇವತ್ತಿಗೂ ನಗುತ್ತಾಳೆ. ಇಂಥವಳು ನಲವತ್ತಾರನೆಯ ವಯಸ್ಸಿನಲ್ಲಿ ವಿಮಾನ ಹಾರಿಸಲು ಕಲಿಯಹೊರಟಳೆಂದರೆ ನೀವು ಆಶ್ಚರ್ಯಪಡಬಾರದು. ಕೂತುಕೊಂಡೇ ಮಾಡಬಹುದಾದ ಓಡಾಟಗಳಲ್ಲಿ ಅದಕ್ಕಿಂತ ಜೋರಿನದು ನನಗೆ ಕಾಣಲಿಲ್ಲ.

ತಪ್ಪು ನಮ್ಮ ಹೋಟೆಲಿನದೂ ಹೌದು. ಕುರ್ಲಾ ಸ್ಟೇಷನ್ನಿನ ಹತ್ತಿರ ಹದಿನಾಲ್ಕು ಟೇಬಲ್ಲಿನ ನಮ್ಮ ಉಡುಪಿ ಹೋಟೆಲು. ಅದರ ನೆತ್ತಿಯ ಮೇಲೆಯೇ ವಿಮಾನಗಳು ಇಳಿಯುವ ದಾರಿ. ಒಂದು ದಾಟಿತು ಎನ್ನುವಷ್ಟರಲ್ಲಿ ಇನ್ನೊಂದು. ಅದು ದಾಟುವವರೆಗೆ ನಮ್ಮ ಕಡೆಯ ಜನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಆಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ. ಗಿರಾಕಿ 'ಒಂದು ಮಸಾಲೆ' ಎಂದು ಬಾಯಿ ತೆರೆದೇ ನಿಲ್ಲುತ್ತಾನೆ, ಮೇಲೆ ಇನ್ನೂರು ಜನ ಹಾದುಹೋಗುತ್ತಾರೆ, ಇವನು 'ದೋಸೆ' ಎಂದು ಮುಗಿಸುತ್ತಾನೆ. ಇಪ್ಪತ್ತೆರಡು ವರ್ಷ ಕೌಂಟರಿನಲ್ಲಿ ಕೂತು ವಿಮಾನಗಳ ಹೊಟ್ಟೆಯನ್ನೇ ನೋಡಿದ್ದೇನೆ. ಒಮ್ಮೆಯಾದರೂ ಅದರ ಮೂತಿಯ ಕಡೆ ಕೂರಬೇಕು ಅನಿಸಿತು.

ನಮ್ಮ ಮನೆಯಲ್ಲಿ ಪ್ರೀತಿಗೆ ತುಳು, ವ್ಯಾಪಾರಕ್ಕೆ ಹಿಂದಿ, ಜಗಳಕ್ಕೆ ಕನ್ನಡ. ವಿಷಯ ಹೇಳಿದ ಕೂಡಲೇ ನಮ್ಮ ಯಜಮಾನರು ಕನ್ನಡಕ್ಕೆ ಇಳಿದರು. "ಎಂತ ಮಾರಾಯ್ತಿ, ನಿಂಗೆ ಕಾರು ರಿವರ್ಸ್ ತೆಗಿಲಿಕ್ಕೇ ಬರುದಿಲ್ಲ. ವಿಮಾನ ಎಂತಕ್ಕೆ?" ಸಣ್ಣ ವಿಮಾನಕ್ಕೆ ರಿವರ್ಸೇ ಇರುವುದಿಲ್ಲ ಎಂದು ಉತ್ತರಿಸಿದೆ. ಇವರು ಒಪ್ಪಲಿಲ್ಲ, ನಾನು ಬಿಡಲಿಲ್ಲ.

ಕಲಿಯುವ ಜಾಗ ಘಟ್ಟದಾಚೆ, ಕುರ್ಲಾದಿಂದ ರೈಲಿನಲ್ಲಿ ನಾಲ್ಕು ತಾಸು. ಶನಿವಾರ ಹೋಗಿ ಭಾನುವಾರ ಬರುವುದು. ಅಲ್ಲಿನ ಗೋಡೆಯ ಬೋರ್ಡಿನಲ್ಲಿ ಏನೇನು ಕಲಿಸುತ್ತಾರೆಂದು ಬರೆದಿದ್ದರು. ಮೊದಲು ಒಬ್ಬರೇ ಹಾರುವ ಸೋಲೋ, ಆಮೇಲೆ ಲೈಸೆನ್ಸು, ಅದರ ಮೇಲೆ ರಾತ್ರಿ ಹಾರುವ ನೈಟ್ ರೇಟಿಂಗ್, ಬರೀ ಡಯಲುಗಳ ಮುಳ್ಳುಗಳನ್ನು ನೋಡಿಕೊಂಡು ಮೋಡದೊಳಗೆ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಎರಡು ಇಂಜಿನ್ನಿನದು ಬೇರೆ. ನಮ್ಮ ಹೋಟೆಲಿನ ಬೋರ್ಡಿನಂತೆಯೇ ಓದುತ್ತ ಓದುತ್ತ ಹಸಿವು ಹೆಚ್ಚಾಗುವ ಪಟ್ಟಿ. ಕಲಿಸುವವರು ಕ್ಯಾಪ್ಟನ್ ನದಾಫ್, ವಿಜಯಪುರದ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಮೊದಲ ದಿನವೇ ನಾನು ವಿಮಾನದ ಪಕ್ಕ ನಿಂತು ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಎಷ್ಟು ದಿನ ಬೇಕು ಎಂದು ವಿಚಾರಿಸಿದೆ. "ಮೊದಲ ಬಾಗಲಾ ತಗೀರಿ ಅಕ್ಕಾರ" ಎಂದರು. ಅದನ್ನು ತೆಗೆಯಲು ನನಗೆ ಗೊತ್ತಿರಲಿಲ್ಲ.

ಪುಸ್ತಕದ ವಿದ್ಯೆ ಕಷ್ಟವಾಗಲಿಲ್ಲ. ರನ್‌ವೇಗೆ ಹೆಸರಿಡುವ ಕ್ರಮವಂತೂ ನನಗೆ ಬಹಳ ಹಿಡಿಸಿತು. ದಿಕ್ಸೂಚಿಯ ಅಂಕಿಯಿಂದ ಕೊನೆಯ ಸೊನ್ನೆ ಕಿತ್ತುಹಾಕಿದರೆ ಅದೇ ಹೆಸರು. ಪಶ್ಚಿಮಕ್ಕೆ, ಅಂದರೆ ಇನ್ನೂರೆಪ್ಪತ್ತು ಡಿಗ್ರಿಗೆ, ಮುಖಮಾಡಿ ಬಂದರೆ ಇಪ್ಪತ್ತೇಳು, ಅದೇ ರಸ್ತೆಗೆ ಪೂರ್ವಕ್ಕೆ ಮುಖಮಾಡಿ ಬಂದರೆ ಒಂಬತ್ತು. ನನಗೂ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಕರೆಯುವವರು ಯಾವ ಕಡೆಯಿಂದ ಬಂದರು ಎಂಬುದರ ಮೇಲೆ ಹೆಸರು. ಹೀಗೆ ಅದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಕಷ್ಟವಾದದ್ದು ನನ್ನ ಬಾಯಿ. ಹೋಟೆಲಿನವರ ಒಂದು ಅಭ್ಯಾಸ ನಿಮಗೂ ಗೊತ್ತಿರುತ್ತದೆ. ದೋಸೆ ಎಲ್ಲಿ ಎಂದು ನೀವು ಕೇಳುತ್ತೀರಿ, ನಾವು 'ಬಂತು, ಬಂತು' ಎನ್ನುತ್ತೇವೆ. ಕಾವಲಿಗೆ ಇನ್ನೂ ಹಿಟ್ಟು ಬಿದ್ದಿರುವುದಿಲ್ಲ. ಬಿಲ್ಲು? ಆಯ್ತು, ಆಯ್ತು. ಟೇಬಲ್ ಒರೆಸಿದಿರಾ? ಆಯ್ತು, ಆಯ್ತು. ಇದು ಮೋಸವಲ್ಲ, ಹಸಿದವರ ಬೆನ್ನು ಸವರುವ ರೀತಿ. ಆದರೆ ವಿಮಾನಕ್ಕೆ ಹಸಿವಿಲ್ಲ. ಹಾರುವ ಮೊದಲು ಕ್ಯಾಪ್ಟನ್ ಒಂದೊಂದೇ ಓದುತ್ತಾರೆ, ನಾನು ನೋಡಿ ಮುಟ್ಟಿ ಉತ್ತರಿಸಬೇಕು. ಅವರು 'ಫ್ಯೂಯೆಲ್' ಎನ್ನಹೊರಟು 'ಫ್ಯೂ' ಎನ್ನುವಷ್ಟರಲ್ಲಿ ನಾನು 'ಚೆಕ್ಡ್' ಎಂದಾಗಿರುತ್ತಿತ್ತು. ಕೈ ಇನ್ನೂ ಮಡಿಲಲ್ಲೇ.

ಒಂದು ಶನಿವಾರ ಇದು ಮಿತಿ ಮೀರಿತು. ಇಳಿಯುವ ಮೊದಲು ವಿಮಾನ ಮೈದಾನವನ್ನು ಚೌಕಾಕಾರವಾಗಿ ಸುತ್ತುತ್ತದೆ. ಕೊನೆಯ ತಿರುವು ತೆಗೆದುಕೊಂಡು ರನ್‌ವೇಗೆ ನೇರ ಬರುವುದಕ್ಕೆ ಫೈನಲ್ ಎನ್ನುತ್ತಾರೆ. ಬಂದ ಮೇಲೆ ರೇಡಿಯೋದಲ್ಲಿ ಹೇಳಬೇಕು. ಆ ಮಾತನ್ನು ನಂಬಿ ಕಂಟ್ರೋಲ್ ಟವರಿನವರು ಉಳಿದ ವಿಮಾನಗಳನ್ನು ನಡೆಸುತ್ತಾರೆ. ಪಕ್ಕದಲ್ಲಿ ಕೂತ ಕ್ಯಾಪ್ಟನ್ ತಡೆಯುವಷ್ಟರಲ್ಲಿ ನಾನು ತಿರುಗುವ ಮೊದಲೇ 'ಫೈನಲ್' ಎಂದೆ. ಆ ಹೊತ್ತಿಗೆ ಅಲ್ಲಿ ನಿಜವಾಗಿಯೇ ಇನ್ನೊಬ್ಬಳು ವಿದ್ಯಾರ್ಥಿನಿ ಒಬ್ಬಳೇ ಬರುತ್ತಿದ್ದಳು. ಒಂದೇ ಜಾಗದಲ್ಲಿ ಎರಡು ವಿಮಾನವೆಂದು ಟವರಿನವರು ಗಾಬರಿಯಾಗಿ, ಇಳಿಯಲಿದ್ದ ಆ ಹುಡುಗಿಯನ್ನು ಮತ್ತೆ ಮೇಲೆ ಕಳಿಸಿದರು. ಕೆಳಗಿಳಿದ ಮೇಲೆ ಅವಳು ಮೊದಲು ಅಮ್ಮನಿಗೆ ಫೋನು ಮಾಡಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕ್ಯಾಪ್ಟನ್ ಬೈಯಲಿಲ್ಲ. "ನಿಮ್ಮ ಬಾಯಿ ಮುಂದ ಹೊಂಟೈತಿ, ವಿಮಾನ ಹಿಂದ ಬರಾಕತ್ತೈತಿ. ನೀವು ಯಾವುದರಾಗ ಕುಂತೀರಿ ಅಕ್ಕಾರ?" ಎಂದು ಕೇಳಿದರು. ಎರಡೂ ಕೂಡಿ ಬರುವ ತನಕ ಸೋಲೋ ಇಲ್ಲ ಎಂದು ನನ್ನ ಹಾರಾಟದ ಲೆಕ್ಕದ ಪುಸ್ತಕ ಮುಚ್ಚಿದರು. ನನ್ನ ಜೊತೆ ಸೇರಿದ ಐದು ಮಂದಿ ಎಳೆಯರಿಗೂ ಸೋಲೋ ಆಗಿತ್ತು. ನಾನೊಬ್ಬಳು ಉಳಿದೆ.

ಸಂಜೆ ಇವರ ಫೋನು. "ಸೋಲೋ ಆಯ್ತಾ?" ಎರಡು ತಿಂಗಳಿಂದ ವಾರವಾರವೂ ಇದೇ ಪ್ರಶ್ನೆ. ನನ್ನ ಬಾಯಿ ನನ್ನನ್ನು ಕೇಳದೆ 'ಆಯ್ತು, ಆಯ್ತು' ಎಂದುಬಿಟ್ಟಿತು. ಹೇಗಾದರೂ ಕ್ಯಾಪ್ಟನ್ನರ ಮನಸ್ಸು ಒಲಿಸಿ ಬೆಳಿಗ್ಗೆ ಹಾರಿದರೆ ಮಾತು ನಿಜವಾಗುತ್ತದಲ್ಲ ಎಂದುಕೊಂಡೆ. ಅವರು ಒಲಿಯಲಿಲ್ಲ.

ಭಾನುವಾರ ಸಂಜೆ ಕುರ್ಲಾದಲ್ಲಿ ಇಳಿದು ಹೋಟೆಲಿಗೆ ಬಂದು ನೋಡುತ್ತೇನೆ, 'ಇಂದಿನ ವಿಶೇಷ' ಬರೆಯುವ ಬೋರ್ಡಿನಲ್ಲಿ 'ನಮ್ಮ ಮೇಡಂ ಪೈಲಟ್' ಎಂದು ಬಣ್ಣದ ಸೀಮೆಸುಣ್ಣದ ಅಕ್ಷರ. ಎಲ್ಲ ಟೇಬಲ್ಲಿನಲ್ಲೂ ಕೇಳದೆಯೇ ಒಂದೊಂದು ಚಮಚ ಕಾಶಿ ಹಲ್ವಾ. ಮೂರನೇ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುವ ನನ್ನ ಗಂಡ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಯಾರೆ ಬಡಿಸುತ್ತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕೌಂಟರಿನ ಹಿಂದೆ ಕರೆದು "ಆಗ್ಲಿಲ್ಲ. ನಾನು ಸುಳ್ಳು" ಎಂದೆ, ಅಷ್ಟರಲ್ಲಿ ಮೇಲೊಂದು ವಿಮಾನ ಬಂತು. ಅದು ದಾಟುವವರೆಗೆ ಇಬ್ಬರೂ ಬಾಯಿ ಮುಚ್ಚಿ ಮುಖ ಮುಖ ನೋಡುತ್ತ ನಿಂತೆವು. ಅಂಥ ಉದ್ದದ ವಿಮಾನವನ್ನು ನಾನು ಕಂಡಿಲ್ಲ.

ಮುಂದಿನ ಮಾತು ನಾನು ಹೇಳಬೇಕಾಗಿ ಬರಲಿಲ್ಲ. ಇವರು ಹಲ್ವಾದ ಚಮಚ ಕೆಳಗಿಟ್ಟರು. "ನಾನು ದಿನಕ್ಕೆ ನೂರು ಸಲ ಬಂತು ಬಂತು ಹೇಳ್ತೇನೆ. ಹೇಳಿ ಅಲ್ಲೇ ನಿಲ್ಲುದಿಲ್ಲ, ಅಡುಗೆಮನೆಗೆ ಓಡ್ತೇನೆ. ನೀನು ಹೇಳಿಯಾಯ್ತಲ್ಲ, ಇನ್ನು ಓಡು." ಬೋರ್ಡನ್ನು ಅಳಿಸಲಿಲ್ಲ. ಮೂರು ವಾರ ಗಿರಾಕಿಗಳು ನನ್ನ ಕೈಕುಲುಕಿದರು. ಪ್ರತಿ ಸಲವೂ ನಾನು ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ಬಗ್ಗಿಸಿದೆ.

ಕ್ಯಾಪ್ಟನ್ನರ ಮದ್ದು ಸುಲಭ: ಬೆರಳು ಮುಟ್ಟಿದ ಮೇಲೆಯೇ ಬಾಯಿ ತೆರೆಯುವುದು. ಅದನ್ನು ನೆಲದ ಮೇಲೂ ಅಭ್ಯಾಸ ಮಾಡಿದೆ. ಲೋಕಲ್ ಪೂರ್ತಿ ನಿಲ್ಲುವ ತನಕ ಸೀಟು ಬಿಡದೆ ಎರಡು ಸಲ ಕುರ್ಲಾ ದಾಟಿ ಮುಂದೆ ಹೋದೆ. ಹೋಟೆಲಿನಲ್ಲಿ ಒಬ್ಬರು ದೋಸೆ ಎಲ್ಲಿ ಎಂದಾಗ, ಒಳಗೆ ಹೋಗಿ ನೋಡಿ ಬಂದು "ಇನ್ನೂ ಹಿಟ್ಟು ಹುಯ್ದಿಲ್ಲ" ಎಂದೆ. ಅವರು ಎದ್ದು ಎದುರಿನ ಹೋಟೆಲಿಗೆ ನಡೆದರು. "ನೀನು ಬೇಗ ಹಾರು ಮಾರಾಯ್ತಿ, ವ್ಯಾಪಾರ ಉಳೀಲಿ" ಎಂದರು ಇವರು.

ನಾಲ್ಕನೆಯ ಭಾನುವಾರ ಬೆಳಿಗ್ಗೆ, ಮೂರು ಸುತ್ತಾದ ಮೇಲೆ ಕ್ಯಾಪ್ಟನ್ ಇಳಿದು, ತಮ್ಮ ಖಾಲಿ ಸೀಟಿನ ಬೆಲ್ಟನ್ನು ಬಿಗಿದು, "ಹೋಗಿ ಬರ್ರಿ" ಎಂದು ಬಾಗಿಲು ಹಾಕಿದರು. ಹೆದರಿಕೆಯಾಯಿತು. ಅವರ ಭಾರವಿಲ್ಲದ ವಿಮಾನ ನನಗಿಂತ ಅವಸರದಲ್ಲಿ ಮೇಲೇರಿತು. ಕೊನೆಯ ತಿರುವಿನಲ್ಲಿ ಬಾಯಿ ತುರಿಸತೊಡಗಿತು. ತುಟಿ ಕಚ್ಚಿಕೊಂಡೆ. ರೆಕ್ಕೆ ಸಮವಾಗಲಿ ಎಂದು ಕಾದೆ, ರನ್‌ವೇ ಮೂತಿಯ ಎದುರಿಗೆ ಬಂದು ನಿಲ್ಲಲಿ ಎಂದು ಕಾದೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಯಾವುದಕ್ಕೂ ಕಾದವಳಲ್ಲ. ಆಮೇಲೆ 'ಫೈನಲ್' ಎಂದೆ. ಎರಡು ಸಲ ಪುಟಿದು ಇಳಿದೆ.

ಸಂಪ್ರದಾಯದ ಪ್ರಕಾರ ಎಳೆಯರೆಲ್ಲ ಸೇರಿ ನನ್ನ ತಲೆಗೆ ಬಕೆಟ್ ನೀರು ಸುರಿದರು. ಮೊದಲ ಬಕೆಟ್ ಅಂದು ನನ್ನಿಂದಾಗಿ ಮತ್ತೆ ಮೇಲೆ ಹೋದ ಹುಡುಗಿಯದು. ಒದ್ದೆ ಕೈಯಲ್ಲೇ ಫೋನು ಹಿಡಿದೆ.

"ಆಯ್ತಾ?" ಎಂದರು ಇವರು.

ಇಂಜಿನ್ ಆರಿದೆಯೇ ಎಂದು ಅತ್ತ ನೋಡಿದೆ. ಕಾಲ ಕೆಳಗೆ ನೆಲವಿದೆಯೇ ಎಂದು ನೋಡಿದೆ. "ಆಯ್ತು" ಎಂದೆ, ಒಂದೇ ಸಲ.

ಆ ತುದಿಯಲ್ಲಿ ಕುರ್ಲಾದ ಮೇಲೆ ವಿಮಾನ ಹಾದುಹೋಗುವ ಸದ್ದು. ಇಬ್ಬರೂ ಕಾದೆವು. ಅದು ದಾಟಿದ ಮೇಲೆ ಇವರ ದನಿ ಸ್ವಲ್ಪ ಒಡೆದಂತೆ ಕೇಳಿಸಿತು. "ಹಲ್ವಾ ಇನ್ನೊಮ್ಮೆ ಮಾಡ್ಲಿಕ್ಕಿಲ್ಲ. ಮೊನ್ನೆಯದ್ದೇ ಇದಕ್ಕೆ ಆಯ್ತು. ನೀನು ಯಾವಾಗ ಬರ್ತಿ?"

"ಬಂದೆ, ಬಂದೆ" ಎಂದೆ.

ರೈಲಿಗೆ ಇನ್ನೂ ಮೂರು ತಾಸಿತ್ತು. ನಾನು ನೀರು ಸೋರಿಸಿಕೊಂಡು ಗೋಡೆಯ ಬೋರ್ಡಿನೆದುರು ನಿಂತು, ನೈಟ್ ರೇಟಿಂಗಿಗೆ ಏನೇನು ಬೇಕೆಂದು ಓದುತ್ತಿದ್ದೆ.