ಹೊಸ ಆವೃತ್ತಿಗೆ ಸಿಗದ ಹೆಸರು

ಅಂತರಸಂತೆಯಿಂದ ಸ್ವಲ್ಪ ಮುಂದೆ, ಕಾಡಿನ ಅಂಚಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದೆಂದರೆ ಧೂಳು ಒರೆಸುವುದರಿಂದ ಹಿಡಿದು, ರೋಗಿಗಳ ದಾಖಲೆ ಇಟ್ಟುಕೊಳ್ಳುವ ಡೇಟಾಬೇಸ್ ಮುನಿಸಿಕೊಂಡಾಗ ರಮಿಸುವವರೆಗೆ ಎಲ್ಲವೂ. ಮೈಸೂರಿನಿಂದ ಬಂದ ತಂತ್ರಜ್ಞನೊಬ್ಬ ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸಿ, ಡೇಟಾಬೇಸಿನ ಹೊಸ ಆವೃತ್ತಿ ಹಾಕಿ, "ಇನ್ನು ಕುದುರೆ ಥರ ಓಡುತ್ತೆ ಮೇಡಂ" ಎಂದು ಬಸ್ಸು ಹತ್ತಿದ. ಓಡಿತು, ಸುಳ್ಳಲ್ಲ. ಆದರೆ ಕೆಲವರ ಹೆಸರು ಹೊಡೆದರೆ ಮಾತ್ರ 'ದಾಖಲೆ ಇಲ್ಲ' ಎನ್ನತೊಡಗಿತು. ಕೌಂಟರಿನಲ್ಲಿ ಕೂರುವವಳಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. "ಹೊಸಬ್ರು ಅಂತ ಬರ್ಕೊಂಡ್ರಾಯ್ತು ಬುಡಿ" ಎಂದು ಹೊಸ ದಾಖಲೆ ತೆರೆಯುತ್ತಿದ್ದಳು.

ಹಾಗೆ ಹೊಸಬರಾದವರಲ್ಲಿ ಹತ್ತಿರದ ಗಿರಿಜನರ ಹಾಡಿಯ ಒಬ್ಬ ತುಂಬು ಗರ್ಭಿಣಿಯೂ ಇದ್ದಳು. ಮೊದಲ ಹೆರಿಗೆ ಇಲ್ಲೇ ಆಗಿದೆ ಎಂದಳು. ಆಗ ಯಾವುದೋ ಇಂಜೆಕ್ಷನ್ ಕೊಟ್ಟ ಮೇಲೆ ಮೈಯೆಲ್ಲ ಊದಿ ಉಸಿರು ಕಟ್ಟಿತ್ತಂತೆ. ಯಾವುದು ಎಂದು ಅವಳಿಗೇನು ಗೊತ್ತು? ಈ ಸಲ ಆಪರೇಷನ್ ಮಾಡಲೇಬೇಕಿತ್ತು, ಸಂತೆಯ ಮಾರನೆಯ ದಿನಕ್ಕೆ ನಿಗದಿಯಾಗಿತ್ತು. ಕಾಗದದ ಹಳೆಯ ಕಾರ್ಡುಗಳನ್ನು ಗೆದ್ದಲು ತಿಂದು ತೇಗಿ ವರ್ಷಗಳೇ ಆಗಿದ್ದವು. ನಮ್ಮ ಡಾಕ್ಟರಮ್ಮ ನನ್ನನ್ನು ಕರೆದು, "ಬೇರೆ ಔಷಧಿ ಕೊಡಬಹುದು ಕಣ್ರೀ, ಆದ್ರೆ ಯಾವುದನ್ನ ಬಿಟ್ಟು ಬೇರೆ?" ಎಂದರು. ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಹೊಸ ಆವೃತ್ತಿಯನ್ನು ಕಲಿಯಲೇಬೇಕಾಯಿತು. ಮೈಸೂರಿನಿಂದ ತರಿಸಿಟ್ಟುಕೊಂಡಿದ್ದ ದಪ್ಪ ಪುಸ್ತಕ ಬಿಚ್ಚಿದೆ. ಅದು ಹೇಳುತ್ತಿದ್ದುದು ಹಳೆಯ ಆವೃತ್ತಿಯ ಪುರಾಣ. ವೀಡಿಯೊಗಳನ್ನು ಹುಡುಕಿದೆ. ಹಿಂದಿಯ ಹುಡುಗನೊಬ್ಬ ಬಸ್ಸು ಹಿಡಿಯುವವನ ಅವಸರದಲ್ಲಿ ಮಾತಾಡಿ, ಅರ್ಧ ಹೊತ್ತು ಚಾನೆಲ್‌ಗೆ ಸೇರಿ ಎಂದೇ ಗೋಗರೆದ. ಕನ್ನಡದಲ್ಲಿ ಸಿಕ್ಕಿದ್ದು ಸಾಫ್ಟ್‌ವೇರ್ ಹಾಕಿಕೊಳ್ಳುವುದು ಹೇಗೆ ಎಂಬಲ್ಲಿಗೆ ನಿಂತಿತು. ಹಾಕಿಕೊಂಡಾಗಿತ್ತಲ್ಲ, ತೊಂದರೆಯೇ ಅದು.

ಕೊನೆಗೆ, ಮೊದಲೇ ಹೋಗಬೇಕಾಗಿದ್ದ ಜಾಗಕ್ಕೆ ಹೋದೆ. ಆ ಡೇಟಾಬೇಸನ್ನು ಕಟ್ಟಿದವರೇ ಅಂತರ್ಜಾಲದಲ್ಲಿ ಬರೆದಿಟ್ಟ ಕೈಪಿಡಿ ಅದು. ಪುಟ ತಿರುಗಿಸಿದಷ್ಟೂ ಮುಗಿಯದು. ಕಾಸು ಕೇಳುವುದಿಲ್ಲ, ಯಾರು ನೀನು ಎಂದು ಕೇಳುವುದಿಲ್ಲ. ಹೊಸ ಆವೃತ್ತಿಯಲ್ಲಿ ಏನೇನು ಬದಲಾಯಿತು ಎಂಬ ಪುಟದಲ್ಲಿ ಪ್ರತಿ ಸಣ್ಣ ತಿದ್ದುಪಡಿಯ ಪಕ್ಕದಲ್ಲೂ ಮಾಡಿದವರ ಹೆಸರಿತ್ತು. ನಾಲಿಗೆ ಹೊರಳದ ಹೆಸರುಗಳು, ನಮ್ಮ ಕಡೆಯವು ಎನಿಸುವ ಹೆಸರುಗಳು, ಯಾವ ದೇಶದವೆಂದು ಊಹಿಸಲಾಗದವು. ಯಾರದೋ ಹೊಲಕ್ಕೆ ಊರಿಗೆ ಊರೇ ಇಳಿದು ಕಳೆ ಕಿತ್ತ ಹಾಗಿತ್ತು. ನಾನು ಹುಡುಕಲು ಬಂದದ್ದನ್ನೇ ಮರೆತು ಆ ಹೆಸರುಗಳನ್ನು ಓದುತ್ತಾ ಕೂತೆ. ಇಷ್ಟು ವರ್ಷ ಇವರ ಬೆವರಿನ ಮೇಲೆ ಕೂತು ಉಂಡಿದ್ದೇನೆ, ಒಂದು ದಿನವೂ ನೆನೆದಿರಲಿಲ್ಲ.

ಆದರೆ ನನ್ನ ಸಮಸ್ಯೆ ಆ ಸಮುದ್ರದಲ್ಲಿ ಎಲ್ಲಿದೆಯೋ ಕಾಣಲಿಲ್ಲ. ಅದೇ ತಾಣದಲ್ಲಿ ಪ್ರಶ್ನೆ ಕೇಳಲು ಒಂದು ಕಟ್ಟೆಯೂ ಇತ್ತು. ಕೇಳಲು ಕೈ ಬರಲಿಲ್ಲ. ನಾನು ಬೇಸಾಯದ ಮನೆಯವಳು, ಮುಯ್ಯಾಳಿನ ಲೆಕ್ಕದಲ್ಲಿ ಬೆಳೆದವಳು. ಅವರು ನಮ್ಮ ಹೊಲಕ್ಕೆ ಬಂದರೆ ನಾವು ಅವರ ಹೊಲಕ್ಕೆ ಹೋಗಬೇಕು, ತೀರಿಸಲಾಗದವರು ಕರೆಯಬಾರದು. ಇವರ ಹೊಲಕ್ಕೆ ನಾನು ಯಾವ ಕುಡುಗೋಲು ಹಿಡಿದು ಹೋಗಲಿ? ಹೀಗೆಂದುಕೊಂಡೇ ಒಂದು ದಿನ ಕಳೆದೆ.

ಸಂತೆಯ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ, "ಯಾಕವ್ವ ಮೊಕ ಅಂಗ್ ಮಾಡ್ಕಂಡಿದ್ದೀಯ?" ಎಂದರು. ಗಾವಡಗೆರೆ ಕಡೆಯವರು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಆಯಸ್ಸು ಕಳೆದವರು. ಎಲ್ಲ ಹೇಳಿದೆ.

"ಬ್ಯಾರನ್‌ಗೆ ಬೆಂಕಿ ಬಿದ್ದಾಗ ಮುಯ್ಯಿ ನೋಡ್ಕಂಡು ನೀರು ಉಯ್ತಾರೇನವ್ವ? ಕೂಗು ಮೊದ್ಲು" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಆಸ್ಪತ್ರೆಗೆ ಹೋದವಳೇ ನನ್ನ ಮುರುಕು ಇಂಗ್ಲಿಷಿನಲ್ಲಿ ಕೂಗಿದೆ. ಗರ್ಭಿಣಿಯ ಮಾತು ಎತ್ತಲಿಲ್ಲ, ಕನ್ನಡದ ಕೆಲವು ಹೆಸರುಗಳು ಸಿಗುತ್ತಿಲ್ಲ ಎಂದಷ್ಟೇ ಬರೆದೆ. ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಉತ್ತರ ಬಂದಿತ್ತು. ಹೆದರಬೇಡಿ, ನಿಮ್ಮ ದಾಖಲೆಗಳೆಲ್ಲ ಇದ್ದಲ್ಲೇ ಇವೆ ಎಂದೇ ಅದು ಶುರುವಾಗಿತ್ತು. ಹೊಸ ಯಂತ್ರ ಅಕ್ಷರಗಳನ್ನು ಸಾಲಾಗಿ ಜೋಡಿಸುವ ಕ್ರಮ ಬೇರೆ, ಹೆಸರು ಹುಡುಕಿಕೊಡುವ ಇಂಡೆಕ್ಸ್ ಮಾತ್ರ ಹಳೆಯ ಕ್ರಮದಲ್ಲೇ ಉಳಿದಿದೆ ಎಂದಿತ್ತು. ಸೊಸೆ ಡಬ್ಬಿಗಳನ್ನು ಬೇರೆ ಸಾಲಿಗೆ ಇಟ್ಟರೆ ಅತ್ತೆಯ ಕೈ ಹಳೆಯ ಜಾಗವನ್ನೇ ತಡಕುತ್ತದಲ್ಲ, ಹಾಗೆ. ಮೊದಲು ನಕಲು ತೆಗೆದಿಟ್ಟುಕೊಳ್ಳಿ, ಆಮೇಲೆ ಇಂಡೆಕ್ಸನ್ನು ಹೊಸದಾಗಿ ಕಟ್ಟಿಸಿ ಎಂದು ಒಂದೇ ಸಾಲಿನ ಆಜ್ಞೆ ಕೊಟ್ಟು, ಕೈಪಿಡಿಯಲ್ಲಿ ಅದಿರುವ ಜಾಗವನ್ನೂ ತೋರಿಸಿದ್ದರು. ಕನ್ನಡದ ಒಂದಕ್ಷರ ಕಾಣದ ಯಾರೋ, ಇಂಥದ್ದು ಎಲ್ಲೋ ಒಂದು ದಿನ ಆದೀತೆಂದು ಮುಂಚೆಯೇ ಎಣಿಸಿ ಬರೆದಿಟ್ಟಿದ್ದರು. ದೇವರ ಮನೆಯ ಮುಂದೆ ನಿಂತಾಗಲೂ ನನಗೆ ಅಷ್ಟು ಭಕ್ತಿ ಬಂದದ್ದಿಲ್ಲ.

ನಕಲು ತೆಗೆದೆ. ಆ ಸಾಲು ಹೊಡೆದೆ. ಆಮೇಲೆ ಅವಳ ಹೆಸರು ಹೊಡೆದೆ.

ಬಂತು. ಊರು, ಗಂಡನ ಹೆಸರು, ಮೊದಲ ಹೆರಿಗೆ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ, ಕೊಡಕೂಡದ ಔಷಧಿಯ ಹೆಸರು. ಡಾಕ್ಟರಮ್ಮ ಬಂದು ಓದಿ, ಆಪರೇಷನ್ನಿಗೆಂದು ತೆಗೆದಿರಿಸಿದ್ದ ಟ್ರೇಯಿಂದ ಒಂದು ಸೀಸೆಯನ್ನು ಎತ್ತಿ ಮತ್ತೆ ಕಪಾಟಿನಲ್ಲಿಟ್ಟರು.

ನಾಳಿನ ಆಪರೇಷನ್ನಿಗೆ ಬಂದು ಸೇರಿದ್ದ ಅವಳು ಹೊಟ್ಟೆ ಹಿಡಿದುಕೊಂಡು ಮೆಲ್ಲನೆ ಬಂದು ನನ್ನ ಹಿಂದೆ ನಿಂತಳು. ಓದಲು ಬರದು. ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದ್ರಾಗೆ ನಾನು ಇದ್ದೀನಾ ಅಕ್ಕ?"

"ಇದ್ದೀಯ ಕಣವ್ವ."

"ಅವತ್ತೇ ಯೋಳ್ದೆ, ಮುಂಚೆ ಬಂದಿದ್ದೆ ಅಂತ. ಯಾರೂ ನಂಬ್ನಿಲ್ಲ" ಎಂದಳು.