ಪದ್ಮಿನಿಯ ಎಡಗಡೆಯ ಸೀಟು

ಕರೆಂಟು ಹೋಗಲಿ ಎಂದು ಹಾರೈಸುತ್ತ ಇಡೀ ಮಧ್ಯಾಹ್ನ ಕೂತವರು ನಿಮ್ಮ ಪರಿಚಯದಲ್ಲಿ ಯಾರೂ ಇರಲಿಕ್ಕಿಲ್ಲ. ಇನ್ನು ಮೇಲೆ ಒಬ್ಬ ಇದ್ದಾನೆ ಎಂದು ತಿಳಿಯಿರಿ. ಹೋದ ವರ್ಷದ ಎಷ್ಟೋ ಮಧ್ಯಾಹ್ನಗಳನ್ನು ನಾನು ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಯ ಒಂದು ಇಕ್ಕಟ್ಟಿನ ಓಣಿಯಲ್ಲಿ, ಪರಶುರಾಮ ಮಿಸ್ತ್ರಿಯವರ ತಗಡಿನ ಶೆಡ್ಡಿನ ಮುಂದೆ, ಸ್ಟೂಲಿನ ಮೇಲೆ ಕೂತು ಹೀಗೇ ಕಳೆದಿದ್ದೇನೆ. ಸುತ್ತಲೂ ಮನೆಮನೆಯಲ್ಲಿ ವಿದ್ಯುತ್ ಮಗ್ಗಗಳು ಖಟಪಟ ಖಟಪಟ ಎನ್ನುತ್ತಿರುತ್ತವೆ. ಶೆಡ್ಡಿನೊಳಗೆ ನಮ್ಮಪ್ಪನ ಹಳೆಯ ಪದ್ಮಿನಿ ಕಾರು ಬಾನೆಟ್ಟು ತೆರೆದುಕೊಂಡು ನಿಂತಿರುತ್ತದೆ. ಮಿಸ್ತ್ರಿ ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿರುತ್ತಾರೆ.

"ಲೈಟ್ ಹೋಗಲಿ ತಡೀರಿ ಸರ. ಈ ಗದ್ದಲದಾಗ ಎಂಜಿನ್ ಏನ್ ಹೇಳ್ತೈತಿ ಅಂತ ಕೇಳ್ಸೂದಿಲ್ಲ."

ಮಿಸ್ತ್ರಿ ಮೊದಲು ಮಗ್ಗ ರಿಪೇರಿ ಮಾಡುತ್ತಿದ್ದವರು. ನೂರು ಮಗ್ಗಗಳ ನಡುವೆ ಯಾವುದರ ತಾಳ ತಪ್ಪಿದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದರಂತೆ. ಕಾರುಗಳ ಕೆಲಸಕ್ಕೆ ಬಂದ ಮೇಲೂ ಅವರ ವಿದ್ಯೆಯೆಲ್ಲ ಕಿವಿಯಲ್ಲೇ ಇದೆ. ಕರೆಂಟು ಹೋದಾಗ ಓಣಿ ಒಮ್ಮೆಲೇ ಸ್ತಬ್ಧವಾಗುತ್ತದೆ. ಮಿಸ್ತ್ರಿ ಜಿಗಿದೆದ್ದು ಎಂಜಿನ್ ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚುತ್ತಾರೆ. ಆಮೇಲೆ ಕಾರ್ಬೊರೇಟರಿನ ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ನಾನು ಉಸಿರು ಬಿಗಿಹಿಡಿದಿರುತ್ತೇನೆ. ಮಗ್ಗ ನಿಂತು ಕಟ್ಟೆಗೆ ಬಂದ ಎದುರುಮನೆಯ ನೇಕಾರ ಹೆಂಗಸೊಬ್ಬರು ಒಮ್ಮೆ ನನ್ನ ಮುಖ ನೋಡಿ, "ನಮ್ಮ ಕೆಲಸ ನಿಂತ್ರ ನಿಮಗ ಹಬ್ಬ ಆಕ್ಕೈತಲ್ರಿ ಸರ" ಎಂದರು. ಅಡಗಿಸಿಕೊಂಡಿದ್ದ ಖುಷಿ ಮುಖದ ಮೇಲೆ ಕಂಡಿತ್ತೆಂದು ತೋರುತ್ತದೆ. ನಾನು ಚಹಾದ ಲೋಟದೊಳಗೆ ನೋಡಿದೆ.

ನಿವೃತ್ತನಾದ ತರ್ಕಶಾಸ್ತ್ರದ ಮೇಷ್ಟ್ರಿಗೆ ಇದೆಲ್ಲ ಯಾಕೆ ಬೇಕಾಗಿತ್ತು ಎಂದು ನೀವು ಕೇಳಬಹುದು. ಟಿಳಕವಾಡಿಯಲ್ಲಿ ನನ್ನ ನೆರೆಹೊರೆಯವರೂ ಕೇಳಿದ್ದಾರೆ. ಧಾರವಾಡದಲ್ಲಿ ಓದಿ ಬಂದು ಮೂವತ್ತು ವರ್ಷ ನಾನು ಕಾಲೇಜಿನಲ್ಲಿ ಕಲಿಸಿದ್ದು ಒಂದೇ ಮಾತು: ಹೇಳಿದ್ದನ್ನು ನಂಬಬೇಡಿ, ಪುರಾವೆ ಕೇಳಿ. ಊರಿನವರನ್ನೆಲ್ಲ ಅನುಮಾನಿಸಿ ಮುಗಿದ ಮೇಲೆ ಈ ಚಾಳಿ ನನ್ನತ್ತಲೇ ತಿರುಗಿತು. ಬಾಗಿಲಿಗೆ ಕೀಲಿ ಹಾಕಿದೆನೇ? ಗ್ಯಾಸ್ ಬಂದ್ ಮಾಡಿದೆನೇ? ಈ ಕಥೆಯನ್ನು ಇವರಿಗೆ ಮೊದಲೇ ಹೇಳಿದ್ದೇನೆಯೇ? ಕೊನೆಯ ಪ್ರಶ್ನೆಗೆ ಎದುರಿನವರ ಮುಖದಲ್ಲೇ ಉತ್ತರ ಸಿಗುತ್ತದೆ. ನಮ್ಮ ಹಳೆಯ ತರ್ಕಪಂಡಿತರಾದ ನೈಯಾಯಿಕರು ಪ್ರತ್ಯಕ್ಷವನ್ನು ಪ್ರಮಾಣವೆಂದರು, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಅನುಮಾನವನ್ನು ಪ್ರಮಾಣವೆಂದರು. ಸ್ಮೃತಿಯನ್ನು, ಅಂದರೆ ನೆನಪನ್ನು, ಮಾತ್ರ ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಇದು ಅನ್ಯಾಯ ಎನಿಸಿತ್ತು. ಅರವತ್ತು ದಾಟಿದ ಮೇಲೆ ಅವರಿಗೂ ಕನ್ನಡಕ ಕಳೆದುಕೊಳ್ಳುವ ಅಭ್ಯಾಸ ಇದ್ದಿರಬೇಕು ಎನಿಸುತ್ತದೆ.

ಆದರೆ ಒಂದೇ ಒಂದು ನೆನಪನ್ನು ನಾನು ಎಂದೂ ಅನುಮಾನಿಸಿರಲಿಲ್ಲ. ಖಾನಾಪುರದಲ್ಲಿ ಅಪ್ಪನದು ಹಂಚಿನ ವ್ಯಾಪಾರ. ಕಾರು ಡಾಕ್ಟರರೊಬ್ಬರಿಂದ ಕೊಂಡದ್ದು. ಒಂದು ಭಾನುವಾರ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಾಗ, ದೇಸೂರು ದಾಟಿದ ಮೇಲೆ ಹಳಿ ರಸ್ತೆಯ ಪಕ್ಕಕ್ಕೇ ಬರುವ ಕಡೆ, ಪ್ಯಾಸೆಂಜರ್ ರೈಲು ಜತೆಯಾಯಿತು. ಅಪ್ಪ ಅದರ ಜೋಡಿ ಪಂದ್ಯಕ್ಕಿಳಿದರು. ಗಾಲಿಯ ಮೇಲಿನ ಸ್ಟೀಲಿನ ತಟ್ಟೆಗಳು ಬಿಸಿಲಿಗೆ ಫಳಫಳ ತಿರುಗುತ್ತಿವೆ. ಅಪ್ಪನ ಬಲಗೈ ಕಿಟಕಿಯಿಂದ ಹೊರಗಿದೆ. ಅವರು ನನ್ನ ಕಡೆ ಮುಖ ತಿರುಗಿಸಿ ನಗುತ್ತಿದ್ದಾರೆ. ನಾನು ಅವರ ಪಕ್ಕದಲ್ಲಿ, ಎಡಗಡೆಯ ಸೀಟಿನಲ್ಲಿ. ರೈಲು ಸೋತಿತು. ಹೆಚ್ಚು ಮಾತಾಡದ, ಹೆಚ್ಚು ನಗದ ಅಪ್ಪನದು ನನ್ನ ಪಾಲಿಗೆ ಉಳಿದಿದ್ದ ಪೂರ್ತಿ ನಗು ಅದೊಂದೇ. ಅವರು ಹೋಗಿ ಬಹಳ ವರ್ಷವಾಯಿತು.

ಹಾಗಾಗಿ ಖಾನಾಪುರದಲ್ಲಿರುವ ಅಕ್ಕ ಫೋನು ಮಾಡಿ, "ತಮ್ಮಾ, ಹಿತ್ತಲದಾಗಿನ ಕಾರಿನ್ಯಾಗ ಕೋಳಿ ತತ್ತಿ ಇಡಾಕ ಹತ್ಯಾವು. ಒಯ್ತೀಯೋ, ಇಲ್ಲಾ ಕೋಳಿ ಹೆಸರಿಗೆ ಬರದ ಕೊಡ್ಲ್ಯೋ" ಎಂದಾಗ ನಾನು ಮರುದಿನವೇ ಹೋದೆ. ಹಂಚಿನ ರಾಶಿಯ ನಡುವಿನಿಂದ ಕಾರನ್ನು ಎಳೆಸಿಕೊಂಡು ವಡಗಾವಿಗೆ ಬಂದೆ. ಮೊದಲಿನಂತೆ ಮಾಡಿಸಿ ಮನೆಯ ಮುಂದೆ ನಿಲ್ಲಿಸಬೇಕು ಎಂಬುದಷ್ಟೇ ನನ್ನ ಆಸೆ. ಮಿಸ್ತ್ರಿ ಒಪ್ಪಲಿಲ್ಲ.

"ನಿಲ್ಸೂದಕ್ಕ ಆದ್ರ ಬ್ಯಾರೆಯವ್ರ ಕಡೆ ಒಯ್ರಿ ಸರ. ಓಡ್ಸೂದಕ್ಕ ಆದ್ರ ನಾ ಮಾಡ್ತೀನಿ."

ಗಡಿಯಾಚೆ, ಮಹಾರಾಷ್ಟ್ರದ ಕಡೆ, ಒಂದು ಸಣ್ಣ ಓಟದ ಪಥವಿದೆ. ಕೆಲವು ಭಾನುವಾರ ಅಲ್ಲಿಗೆ ಯಾರು ಬೇಕಾದರೂ ತಮ್ಮ ಗಾಡಿ ತಂದು ಸುತ್ತು ಹೊಡೆಯಬಹುದು. ಅದು ಪಂದ್ಯವಲ್ಲ, ಗಡಿಯಾರವೊಂದೇ ಎದುರಾಳಿ. ಟ್ರ್ಯಾಕ್ ಡೇ ಎನ್ನುತ್ತಾರೆ. ಹಳೆಯ ಗಾಡಿಗಳನ್ನು ಅದಕ್ಕೆ ಹುರಿಗೊಳಿಸುವುದು ಮಿಸ್ತ್ರಿಯವರ ಹುಚ್ಚು. ನಾನು ರೈಲಿನ ಕಥೆ ಹೇಳಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ರೈಲು ಹಿಂದ ಹಾಕಿದ ಗಾಡಿ ಐತಿ, ಮನಿ ಮುಂದ ನಿಲ್ಲಸ್ತಾರಂತ" ಎಂದು ಯಾರಿಗೋ ದೂರು ಹೇಳುವಂತೆ ಹೇಳಿದರು. ಅಲ್ಲಿಗೆ ನಾನು ಸೋತೆ. ಅಪ್ಪ ಓಡಿಸಿದ ವೇಗದಲ್ಲಿ ಇನ್ನೊಮ್ಮೆ ಆ ಎಡಗಡೆಯ ಸೀಟಿನಲ್ಲಿ ಕೂರಬೇಕು ಎಂಬ ಆಸೆ ಮನಸ್ಸಿನಲ್ಲಿ ಗೂಡು ಕಟ್ಟಿತು.

ಕೆಲಸ ಶುರುವಾದ ವಾರದಲ್ಲೇ ನನ್ನ ನೆನಪಿಗೆ ಮೊದಲ ಪೆಟ್ಟು ಬಿತ್ತು. ಬಣ್ಣ ಯಾವುದು ಬೇಕೆಂದು ಕೇಳಿದಾಗ, ಮೊದಲಿನ ನೀಲಿಯೇ ಇರಲಿ ಎಂದೆ. ಮಿಸ್ತ್ರಿ ಬಾಗಿಲನ್ನು ಮರಳುಕಾಗದದಿಂದ ಉಜ್ಜುತ್ತ ಹೋದರು. ಮೇಲೆ ಬಿಳಿ. ಅದರ ಕೆಳಗೆ ಹಾಲಿನ ಕೆನೆಯ ಬಣ್ಣ. ಅದರ ಕೆಳಗೆ ಎಲೆಹಸಿರು. ಅದರ ಕೆಳಗೆ ಬರೀ ತಗಡು. ನೀಲಿ ಎಲ್ಲೂ ಇಲ್ಲ.

"ಇನ್ನೂ ಉಜ್ಜಲೇನ್ರಿ? ಆ ಕಡೆಯಿಂದ ಹೊರಗ ಬರ್ತೀನಿ" ಎಂದರು ಮಿಸ್ತ್ರಿ.

ನೈಯಾಯಿಕರ ಮೆಚ್ಚಿನ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ. ನಾನು ಮೂವತ್ತು ವರ್ಷ ಆ ಬೆಟ್ಟದಲ್ಲೇ ನಿಂತಿದ್ದೆ. ಮಿಸ್ತ್ರಿ ಅದನ್ನು ದಾಟಿ ಹೋಗಿದ್ದಾರೆ. ಹಿಂದಿನ ಕೊಳವೆಯಿಂದ ಬರುವ ಹೊಗೆ ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಬಿಳಿಯಾದರೆ ನೀರು ಒಳಗೆ ಸೋರುತ್ತಿದೆ. ನನ್ನ ತರಗತಿಯಲ್ಲಿ ಹೊಗೆಗೆ ಬಣ್ಣವೇ ಇರಲಿಲ್ಲ. ನಮ್ಮ ಪದ್ಮಿನಿ ಮಾತ್ರ ಮೊದಲ ತಿಂಗಳು ಮೂರೂ ಬಣ್ಣಗಳನ್ನು ಸರದಿಯಂತೆ ತೋರಿಸಿದಳು.

ಉದ್ಯಮಬಾಗದ ಲೇತ್ ಕಾರ್ಖಾನೆಯಲ್ಲಿ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆಸಿ ಹಿಗ್ಗಿಸಿದರು. ಮುಂದಿನ ಗಾಲಿಗಳಿಗೆ ಹೊಸ ಕಾಲದ ಬ್ರೇಕು ಬಂತು. ಸ್ಪ್ರಿಂಗುಗಳನ್ನು ಗಿಡ್ಡ ಮಾಡಿದ್ದರಿಂದ ಕಾರು ಜಿಗಿಯಲು ಹೊಂಚುವ ಬೆಕ್ಕಿನಂತೆ ನೆಲಕ್ಕೆ ಒರಗಿತು. ಮಗುಚಿದರೆ ತಲೆ ಉಳಿಯಲೆಂದು ಒಳಗೆ ಉಕ್ಕಿನ ಕೊಳವೆಗಳ ಪಂಜರ ಬಂತು. ಹಿಂದಿನ ಸೀಟು ಹೋಯಿತು. ಎಲ್ಲದಕ್ಕೂ ನಾನು ತಲೆಯಾಡಿಸಿದೆ. ಮುಂದಿನ ಉದ್ದ ಸೀಟನ್ನು ಕಿತ್ತು ಡ್ರೈವರನಿಗೊಂದೇ ಬಿಗಿಯಾದ ಸೀಟು ಕೂರಿಸುತ್ತೇನೆ ಎಂದಾಗ ಮಾತ್ರ ಅಡ್ಡ ನಿಂತೆ.

"ಎಡಗಡೆಯದೂ ಬೇಕು."

"ಸುಮ್ನ ಭಾರ ಸರ. ಒಂದೊಂದು ಕಿಲೋ ಕಡಿಮಿ ಮಾಡಾಕ ನಾ ಜೀವಾ ತೇಯಾಕತ್ತೀನಿ, ನೀವು ಖುರ್ಚಿ ಹಾಕ್ರಿ ಅಂತೀರಿ."

"ಅದು ನನ್ನ ಜಾಗ ಮಿಸ್ತ್ರಿ."

ಅಂದು ಅಕ್ಕ ಪಕ್ಕದ ಶಹಾಪುರ ಪೇಟೆಗೆ ಸೀರೆ ಕೊಳ್ಳಲು ಬಂದವಳು, ಕೋಳಿಗಳ ಮನೆ ಏನಾಯಿತೆಂದು ನೋಡಲು ಓಣಿಗೂ ಬಂದಿದ್ದಳು. ಸ್ಟೂಲಿನ ಮೇಲೆ ಕೂತು, ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಾವಿಬ್ಬರೂ ಜಗಳಾಡುವುದನ್ನು ಕೇಳುತ್ತಿದ್ದಳು.

"ನಿನ್ನ ಜಾಗ ಯಾವಾಗಿಂದ ಆತೋ ಅದು?" ಎಂದಳು.

ನಾನು ರೈಲಿನ ಕಥೆ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅವತ್ತ ನೀ ಕಾರಿನ್ಯಾಗ ಇರ್ಲೇ ಇಲ್ಲಲ್ಲೋ. ಕಾರ್ ಹತ್ತಿದ್ರ ವಾಂತಿ ಮಾಡ್ಕೋತಿದ್ದಿ. ಅದಕ್ಕ ಅವ್ವ ನಿನ್ನ ನನ್ನ ಜೋಡಿ ರೈಲಿಗೆ ಕಳಸ್ತಿದ್ಲು. ನಾವಿಬ್ರೂ ರೈಲಿನ್ಯಾಗ ಇದ್ವಿ. ಕಾರಿನ್ಯಾಗ ಅಪ್ಪ, ಬಾಜೂಕ ಅವ್ವ, ಹಿಂದ ಜ್ವಾಳದ ಚೀಲ."

"ಸಾಧ್ಯವೇ ಇಲ್ಲ. ಇಷ್ಟು ವರ್ಷ ಕಾರು ಓಡಿಸಿದ್ದೇನೆ, ಒಮ್ಮೆಯೂ ವಾಂತಿ ಆಗಿಲ್ಲ."

"ಓಡ್ಸವ್ರಿಗೆ ಆಗೂದಿಲ್ಲ, ಬಾಜೂಕ ಕುಂತವ್ರಿಗೆ ಆಕ್ಕೈತಿ" ಎಂದರು ಮಿಸ್ತ್ರಿ. ನನ್ನ ಕಡೆಯವರೆಂದು ತಿಳಿದಿದ್ದೆ.

"ಪುರಾವೆ ಏನು?" ಎಂದೆ ಅಕ್ಕನಿಗೆ.

"ನಾ ಇದ್ನಲ್ಲ" ಎಂದಳು ಅಕ್ಕ.

ಅದು ಪುರಾವೆಯಲ್ಲ, ಅದೂ ಒಂದು ಸ್ಮೃತಿಯೇ. ಎರಡು ಸ್ಮೃತಿಗಳು ಎದುರಾದಾಗ ಒಂದು ಅಕ್ಕನದಾಗಿದೆ ಎಂಬ ಕಾರಣಕ್ಕೆ ಗೆಲ್ಲುವಂತಿಲ್ಲ. ಹೀಗೆಂದು ನನಗೆ ನಾನೇ ವಾದಿಸಿಕೊಂಡೆ. ಆದರೆ ಆ ಸಂಜೆ ಊಟ ರುಚಿಸಲಿಲ್ಲ. ಬಣ್ಣ ತಪ್ಪಾಗಿದ್ದರೆ ಚಿಂತೆಯಿಲ್ಲ, ಹೊಸದಾಗಿ ಬಳಿಯಬಹುದು. ಅಪ್ಪನ ಪಕ್ಕದಲ್ಲಿ ನಾನೇ ಇರಲಿಲ್ಲ ಎಂದಾದರೆ ಆ ನಗು ಯಾರಿಗೆ? ಮರುದಿನ ಹೋಗಿ, ಎಡಗಡೆಯ ಸೀಟು ಇರದಿದ್ದರೆ ಟ್ರ್ಯಾಕೂ ಬೇಡ ಎಂದು ಮಿಸ್ತ್ರಿಗೆ ಹೇಳಿದೆ. ಅವರು ಎರಡನೆಯ ಸೀಟು ಕೂರಿಸಿದರು.

ಚಳಿಗಾಲದ ಒಂದು ಭಾನುವಾರ ಹೊರಟೆವು. ಕಾರಿನಲ್ಲಿ ಮಿಸ್ತ್ರಿ, ಅವರ ಪಕ್ಕದ ಸೀಟಿನಲ್ಲಿ ನಟ್ಟು ತಿರುಗಿಸುವ ಪಾನಾಗಳ ಪೆಟ್ಟಿಗೆ, ಸ್ಕ್ರೂಡ್ರೈವರು. ನಾನೂ ಅಕ್ಕನೂ ರೈಲಿನಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದೆವು. ದೂರಕ್ಕೆ ನಾನು ರೈಲನ್ನೇ ಹಿಡಿಯುವವನು. ಅದು ನನ್ನ ಅಭಿರುಚಿ ಎಂದು ತಿಳಿದಿದ್ದೆ.

ಪಥದ ಬಳಿ ಹೊಳೆಯುವ ಹೊಸ ಕಾರುಗಳ ನಡುವೆ ಹಳೆಯ ಎಲೆಹಸಿರನ್ನೇ ಮತ್ತೆ ಬಳಿದುಕೊಂಡ ನಮ್ಮ ಪದ್ಮಿನಿ ಮದುವೆಗೆ ಬಂದ ಸೋದರತ್ತೆಯಂತೆ ನಿಂತಿದ್ದಳು. ಜನ ಬಂದು ಮಾತಾಡಿಸಿ ಹೋಗುತ್ತಿದ್ದರು. ನಾನು ಹೆಲ್ಮೆಟ್ಟು ಹಾಕಿ, ಬೆಲ್ಟು ಬಿಗಿದು, ಎಡಗಡೆಯ ಸೀಟಿನಲ್ಲಿ ಕೂತೆ. ಮಿಸ್ತ್ರಿ ಹೊರಟರು. ನೇರ ಹಾದಿಯಲ್ಲಿ ಎಂಜಿನ್ನು ಕರೆಂಟು ಹೋದ ಅಷ್ಟೂ ಮಧ್ಯಾಹ್ನಗಳ ಋಣ ತೀರಿಸುವಂತೆ ಹಾಡಿತು. ನಾನು ಬಲಕ್ಕೆ ತಿರುಗಿ ಮಿಸ್ತ್ರಿಯ ಮುಖ ನೋಡಿದೆ. ಅಪ್ಪನ ನಗು ಇಲ್ಲಿಂದ ಹೀಗೆ ಕಂಡಿರಬೇಕು ಎಂದುಕೊಂಡೆ. ಮೊದಲ ತಿರುವು ಬಂತು. ಎರಡನೆಯದು ಬಂತು. ಮೂರನೆಯದರ ಹೊತ್ತಿಗೆ ಬಾಯಲ್ಲಿ ಉಪ್ಪುನೀರು ಊರತೊಡಗಿತ್ತು. ಎರಡನೆಯ ಸುತ್ತಿನಲ್ಲಿ ನಾನು ಮಿಸ್ತ್ರಿಯ ತೋಳು ಹಿಡಿದು ಅಲ್ಲಾಡಿಸಿದೆ. ಅವರು ಬದಿಗೆ ನಿಲ್ಲಿಸಿದರು. ಹೆಲ್ಮೆಟ್ಟು ತೆಗೆಯುವಷ್ಟು ವೇಳೆ ಸಿಕ್ಕಿತು ಎಂಬುದೊಂದೇ ಆ ದಿನದ ನನ್ನ ಸಾಧನೆ.

ಬೇಲಿಯ ಬಳಿ ಬಂದಾಗ ಅಕ್ಕ ಚೀಲಕ್ಕೆ ಕೈಹಾಕಿ ಒಂದು ನಿಂಬೆಹಣ್ಣು ತೆಗೆದು ಕೊಟ್ಟಳು.

"ಇದನ್ಯಾಕ ತಂದಿದ್ದಿ?" ಎಂದೆ. ನನ್ನ ಪುಸ್ತಕದ ಕನ್ನಡವೂ ಅಷ್ಟರಲ್ಲಿ ಹೊರಗೆ ಬಿದ್ದುಹೋಗಿತ್ತು.

"ಬಾಜೂಕ ಕುಂದರ್ತೀನಿ ಅಂದಿದ್ಯಲ್ಲ. ಮೂಸ್ಕೋತ ನಿಂದರ್."

ನಿಂಬೆಹಣ್ಣು ಮೂಗಿಗೆ ಹಿಡಿದು ನಿಂತೆ. ಪಕ್ಕದಲ್ಲಿ ಅಕ್ಕ. ಮುಂದೆ ಬೇಲಿಯ ಸರಳುಗಳು. ಆಚೆ ಮಿಸ್ತ್ರಿ ಒಬ್ಬರೇ ಮತ್ತೆ ಹೊರಡಿಸಿದ್ದ ಪದ್ಮಿನಿ ತಿರುವು ದಾಟಿ ನೇರ ಹಾದಿಗೆ ಬಂದಳು. ಗಾಲಿಗಳು ಬಿಸಿಲಿನಲ್ಲಿ ತಿರುಗುತ್ತಿದ್ದವು. ನಮ್ಮೆದುರು ಬಂದಾಗ ಮಿಸ್ತ್ರಿ ವೇಗ ತಗ್ಗಿಸಿ, ಮುಖ ಹೊರಳಿಸಿ, ನಾನು ಬದುಕಿದ್ದೇನೆಯೇ ಎಂದು ನೋಡಿ, ಮುಂದೆ ಹೋದರು. ಮುಂದಿನ ಸುತ್ತಿನಲ್ಲೂ ಹಾಗೆಯೇ ಮಾಡಿದರು. ಅದರ ಮುಂದಿನದರಲ್ಲೂ.

ಕಾರಿನೊಳಗೆ ಕೂತವನಿಗೆ ಆ ಕಾರಿನ ಗಾಲಿ ಕಾಣುವುದಿಲ್ಲ. ಇಷ್ಟು ಸರಳ ಅನುಮಾನ ತರ್ಕಶಾಸ್ತ್ರದ ಮೇಷ್ಟ್ರಿಗೆ ಐವತ್ತು ವರ್ಷ ಹೊಳೆಯಲಿಲ್ಲ. ಫಳಫಳ ತಿರುಗುವ ತಟ್ಟೆಗಳನ್ನು, ಕಿಟಕಿಯಾಚೆ ಇಳಿಬಿಟ್ಟ ಬಲಗೈಯನ್ನು, ನನ್ನತ್ತಲೇ ತಿರುಗಿದ ಇಡೀ ಮುಖವನ್ನು ನಾನು ನೋಡಿದ್ದು ರೈಲಿನ ಕಿಟಕಿಯಿಂದ.

"ಅಕ್ಕಾ, ಅವತ್ತ ರೈಲು ಸೋತಿದ್ದಂತೂ ಖರೇ ಅಲ್ಲ?"

"ಎಲ್ಲೀದೋ? ಅಪ್ಪ ರೈಲಿನ ಜೋಡಿ ಬರೋಬ್ಬರಿ ಹೊಂಟಿದ್ದ. ನಿನ್ನ ಕಿಟಕಿ ತಪ್ಪಿಸ್ಬಾರದು ಅಂತ ತಡದು ತಡದು ಓಡಸ್ತಿದ್ದ. ಅವ್ವ ಬೈತಿದ್ಲಂತ, ರಸ್ತೆ ನೋಡ್ರಿ ಅಂದು."

ಸುತ್ತು ಮುಗಿಸಿ ಬಂದ ಮಿಸ್ತ್ರಿಗೆ ಗಡಿಯಾರದ ಮೇಲೆ ಸಿಟ್ಟು. ನಿಮ್ಮನ್ನು ನೋಡಲು ಹೋಗಿ ಟೈಮೆಲ್ಲ ಕೆಟ್ಟಿತು ಎಂದರು. ಆಮೇಲೆ ಮೆಲ್ಲಗೆ, "ಇನ್ನರ ಆ ಎಡಗಡೆ ಸೀಟ್ ತಗೀಲೇನ್ರಿ ಸರ?" ಎಂದು ಕೇಳಿದರು. ತೆಗೆಯಿರಿ ಎನ್ನಲು ನಾನು ಬಾಯಿ ತೆರೆದಿದ್ದೆ.

"ಬ್ಯಾಡ್ರಿ. ಅದು ಅವ್ವಂದು" ಎಂದಳು ಅಕ್ಕ. ಕೆಳಗಿಳಿಸಿಟ್ಟಿದ್ದ ಪಾನಾದ ಪೆಟ್ಟಿಗೆಯನ್ನು ಕಾರಿನ ಹಿಂಭಾಗಕ್ಕೆ ಹಾಕಿಸಿ, ಸೆರಗು ಎಳೆದುಕೊಂಡು ಹತ್ತಿ ಕೂತೇಬಿಟ್ಟಳು. ಬೆಳಗಾವಿವರೆಗೂ ಹಾಗೆಯೇ ಬಂದಳಂತೆ, ದಾರಿಯುದ್ದಕ್ಕೂ ಮಿಸ್ತ್ರಿಗೆ ರಸ್ತೆ ನೋಡಲು ಹೇಳುತ್ತ.

ನಾನು ಒಬ್ಬನೇ ರೈಲಿಗೆ ಬಂದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆ ದಾರಿಯಲ್ಲಿ ಅವರ ರಸ್ತೆ ಹಳಿಯ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಿಂಬೆಹಣ್ಣು ಕೈಯಲ್ಲಿಟ್ಟುಕೊಂಡು, ಬೆಳಗಾವಿ ಬರುವವರೆಗೆ ಹೊರಗೆ ನೋಡುತ್ತಲೇ ಇದ್ದೆ.