ಅಣ್ಣನ ಫೋನಿಗೆ ಬಂದ ಆರು ಅಂಕೆಗಳು

ಕಾರಿನ ಏರ್‌ಬ್ಯಾಗ್ ಬದಲಿಸಿ ಆಯಿತು! ಎರಡೂ ಹೊಸದು, ಡ್ರೈವರನ ಕಡೆಯದ್ದೂ, ಪಕ್ಕದ ಸೀಟಿನದ್ದೂ. ಪುತ್ತೂರಿನಿಂದ ಐವರ್ನಾಡಿನ ನಮ್ಮ ಮನೆಯ ಅಂಗಳದವರೆಗೆ ನನ್ನ ಮೊಮ್ಮಗಳೇ ಕಾರು ಬಿಟ್ಟಳು. ನಾನು ರಾಣಿಯ ಹಾಗೆ ಪಕ್ಕದಲ್ಲಿ ಕೂತಿದ್ದೆ. ಸೋಮವಾರದಿಂದ ಅವಳು ಕಡಬದ ಆಸ್ಪತ್ರೆಯ ಲ್ಯಾಬಿಗೆ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನಮ್ಮ ಮನೆಯ ಹೆಂಗಸರಲ್ಲಿ ತಿಂಗಳ ಸಂಬಳ ತರುವವಳು ಅವಳೇ ಮೊದಲು, ಸ್ಟೇರಿಂಗು ಹಿಡಿದವಳೂ ಅವಳೇ ಮೊದಲು. ಈ ಸಂತೋಷವನ್ನು ಎಲ್ಲಿ ಇಡುವುದೆಂದು ನನಗೆ ತಿಳಿಯುತ್ತಿಲ್ಲ. ದಾರಿಯಲ್ಲಿ ಹಾಲಿನ ಡೈರಿಯ ಎದುರು ಕಾರು ನಿಲ್ಲಿಸಲು ಹೇಳಿ, ಅಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಹೇಳಿದೆ. ಏರ್‌ಬ್ಯಾಗ್ ಎಂದರೆ ಏನೆಂದು ಅವರಲ್ಲಿ ಅರ್ಧ ಜನರಿಗೆ ಗೊತ್ತಿರಲಿಲ್ಲ. ಎರಡು ವಾರದ ಹಿಂದೆ ನನಗೂ ಗೊತ್ತಿರಲಿಲ್ಲ.

ಸಂತೋಷದ್ದು ಹೇಳಿ ಆಯಿತು. ಇನ್ನು ಕಹಿಯನ್ನೂ ಹೇಳಬೇಕು.

ಆ ಕಾರು ಮೊದಲು ನನ್ನ ಅಣ್ಣನದ್ದು. ಅಣ್ಣ ಇರುವುದು ಉಪ್ಪಿನಂಗಡಿಯ ಹತ್ತಿರ, ನನ್ನ ತವರು ಮನೆಯಲ್ಲಿ. ಅವನು ದೊಡ್ಡ ಕಾರು ತೆಗೆದುಕೊಂಡಾಗ ಸಣ್ಣದನ್ನು ನಾವು ಕೊಂಡೆವು. ಆಗ ನನ್ನ ಗಂಡ ಇದ್ದರು. ಆರ್‌ಸಿಯಲ್ಲಿ ಹೆಸರು ಬದಲಿಸಿಕೊಳ್ಳೋಣ ಎಂದು ಅವರು ಹೇಳಿದರು. ಬೇಡ ಎಂದವಳು ನಾನು. ಒಡಹುಟ್ಟಿದವನ ಹತ್ತಿರ ಕಾಗದ ಕೇಳಿದರೆ ಅವನು ಏನು ಗ್ರಹಿಸಿಯಾನು ಎಂದು ನನಗೆ ನಾಚಿಕೆ. ನಮ್ಮ ಕಡೆ ನೆಂಟರೊಳಗೆ ಕಾರು ಕೈ ಬದಲಾದರೆ ಹೆಸರು ಬದಲಾಗುವುದು ಕಡಿಮೆ. ಬದಲಿಸಲು ಹೊರಟರೆ ನಂಬಿಕೆ ಇಲ್ಲ ಎಂದು ಹೇಳಿದಂತೆ. ಹಾಗಾಗಿ ಕಾರು ನಮ್ಮ ಅಂಗಳದಲ್ಲಿತ್ತು, ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಅಣ್ಣನದ್ದೇ ಇತ್ತು. ಡಿಕ್ಕಿಯಲ್ಲಿ ರಬ್ಬರ್ ಶೀಟು ತುಂಬಿಸಿ ಸುಳ್ಯಕ್ಕೆ ಹೋಗುವುದು, ಬರುವಾಗ ಸಾಮಾನು ತರುವುದು. ಆ ಶೀಟಿನ ವಾಸನೆ ಇವತ್ತಿಗೂ ಸೀಟಿನಿಂದ ಹೋಗಿಲ್ಲ. ಮೊಮ್ಮಗಳು ಆಗ ಮೂರನೆಯ ಕ್ಲಾಸಿನಲ್ಲಿದ್ದಳು. ಮುಂದಿನ ಸೀಟು ಕೊಡದಿದ್ದರೆ ಬರುವುದೇ ಇಲ್ಲ ಎಂದು ಹಠ ಹಿಡಿಯುತ್ತಿದ್ದಳು. ನಾನು ಹಿಂದೆ ಕೂರುತ್ತಿದ್ದೆ, ಅವಳು ಮುಂದೆ.

ಮರುವರ್ಷ ಅಮ್ಮ ತೀರಿಕೊಂಡರು. ಉತ್ತರಕ್ರಿಯೆಯ, ಎಂದರೆ ಬೊಜ್ಜದ, ಊಟಕ್ಕೆ ತವರಿನಲ್ಲಿ ನೂರಾರು ಜನ ಸೇರಿದ್ದರು. ನಾನು ಎಲೆಯ ಮುಂದೆ ಕೂತಿದ್ದಾಗ ಅಣ್ಣ ಬಂದು ಒಂದು ಕಾಗದ ಮತ್ತು ಪೆನ್ನು ಹಿಡಿದ. ತವರಿನ ಆಸ್ತಿಯಲ್ಲಿ ನನಗೆ ಹಕ್ಕು ಬೇಡ ಎಂದು ಬಿಟ್ಟುಕೊಡುವ ಪತ್ರ.

"ಇಲ್ಲೊಂದು ಸಹಿ ಹಾಕು. ನಾಡಿದ್ದು ರಿಜಿಸ್ಟ್ರಿಗೆ ಹೋಗುವಾ."

"ಇಡು ಅಣ್ಣ. ಕೈ ತೊಳೆದು ಬಂದು ಒಮ್ಮೆ ಓದ್ತೇನೆ."

ನಾನು ಕಲಿತದ್ದು ನಾಲ್ಕನೆಯ ಕ್ಲಾಸು. ಕೂಡಿಸಿ ಕೂಡಿಸಿ ಓದಬಲ್ಲೆ. ಅಣ್ಣ ಪಂಕ್ತಿಯಲ್ಲಿ ಕೂತವರ ಕಡೆ ತಿರುಗಿ ನಕ್ಕ. "ಕೇಳಿದಿರಾ? ನಮ್ಮ ತಂಗಿಗೆ ಓದಿ ನೋಡ್ಬೇಕಂತೆ! ದೊಡ್ಡ ವಕೀಲಮ್ಮ!" ಎಲ್ಲರೂ ನಕ್ಕರು. ನಾನು ಅನ್ನ ಅರ್ಧಕ್ಕೆ ಬಿಟ್ಟು ಎದ್ದೆ. ಆಸ್ತಿ ಬೇಕೆಂದು ಎದ್ದದ್ದಲ್ಲ. ಅಷ್ಟು ಜನರ ಮುಂದೆ ನನ್ನ ನಾಲ್ಕನೆಯ ಕ್ಲಾಸನ್ನು ಎತ್ತಿ ಆಡಿದ್ದು ಸಹಿಸಲು ಆಗಲಿಲ್ಲ. ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ, ನಾನೂ ಅಲ್ಲಿಗೆ ಹೋಗಲಿಲ್ಲ. ನನ್ನ ಗಂಡ ಹೋದಾಗ ಮಾತ್ರ ಬಂದು ಅಂಗಳದಲ್ಲಿ ನಿಂತು ಹೋದ.

ಎರಡು ವಾರದ ಹಿಂದೆ ಮೊಮ್ಮಗಳಿಗೆ ಲೈಸೆನ್ಸ್ ಕೈಗೆ ಸಿಕ್ಕಿತು. ಅವತ್ತೇ ಅವಳು ಕಾರಿನ ಚಾಸಿ ನಂಬರನ್ನು ಫೋನಿನಲ್ಲಿ ಹಾಕಿ ಏನೋ ನೋಡುತ್ತಿದ್ದಳು.

"ಅಜ್ಜಿ, ಈ ಕಾರನ್ನು ಕಂಪೆನಿಯವರು ವಾಪಸ್ ಕರೆದಿದ್ದಾರೆ."

"ವಾಪಸ್ಸಾ? ಯಾಕೆ ಕೊಡ್ಬೇಕು? ನಾವು ಕದ್ದು ತಂದದ್ದಾ?"

"ಕಾರು ಕೊಡುದಲ್ಲ ಅಜ್ಜಿ. ತಪ್ಪಿರುವ ಸಾಮಾನು ಬದಲಿಸಿ ಕೊಡ್ತಾರೆ. ಇದರ ಏರ್‌ಬ್ಯಾಗ್ ಸರಿ ಇಲ್ಲ."

ಕಾರು ಎಲ್ಲಿಗಾದರೂ ಗುದ್ದಿದರೆ ಮುಖಕ್ಕೆ ಪೆಟ್ಟಾಗದ ಹಾಗೆ ಒಂದು ಚೀಲ ಉಬ್ಬಿಕೊಳ್ಳುತ್ತದಂತೆ. ಆ ಚೀಲ ಉಬ್ಬಿಸಲು ಒಳಗೊಂದು ಕಬ್ಬಿಣದ ಡಬ್ಬಿ. ಆ ಡಬ್ಬಿಯೇ ಒಡೆದು ಚೂರು ಚೂರಾಗಿ ಕೂತವರ ಮುಖಕ್ಕೆ, ಕುತ್ತಿಗೆಗೆ ಬರಬಹುದಂತೆ. ಹಳೆಯದಾದಷ್ಟೂ, ತೇವ ಹೆಚ್ಚು ಕುಡಿದಷ್ಟೂ ಅಪಾಯ ಜಾಸ್ತಿಯಂತೆ. ನಮ್ಮ ಊರಿನಲ್ಲಿ ತೇವಕ್ಕೆ ಏನು ಕಡಿಮೆ? ಕಂಪೆನಿಯವರು ಇದನ್ನು ಹೇಳಿದ್ದು ಮೊನ್ನೆ ಮೊನ್ನೆಯಲ್ಲ, ವರ್ಷಗಳ ಹಿಂದೆ. ಕಾರು ಸಣ್ಣ ಶಬ್ದ ಮಾಡಿದರೂ ಬೆಳ್ಳಾರೆಯ ಗ್ಯಾರೇಜಿಗೆ ಒಯ್ದು ಸರಿ ಮಾಡಿಸಿದವರು ನಾವು. ಕಂಪೆನಿಯ ಸರ್ವಿಸಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ.

"ಹಾಗಾದ್ರೆ ನೀನು ಬಸ್ಸಿನಲ್ಲೇ ಹೋಗು" ಎಂದೆ.

"ಬೆಳ್ಳಾರೆಯಲ್ಲಿ ಇಳಿದು ಮತ್ತೊಂದು ಬಸ್ಸು. ಕೆಲಸ ಬಿಡುವಾಗ ಏಳು ಗಂಟೆ. ಬರ್ಲಿಕ್ಕೆ ಬಸ್ಸು ಎಲ್ಲುಂಟು? ಕಾರಿಲ್ಲದಿದ್ರೆ ಈ ಕೆಲಸ ಬಿಟ್ಟ ಹಾಗೆಯೇ ಅಜ್ಜಿ."

ಇವತ್ತು ಬೆಳಿಗ್ಗೆ ನನ್ನ ಮಗನೇ, ಎಂದರೆ ಅವಳ ಅಪ್ಪನೇ, ಕಾರನ್ನು ನಿಧಾನಕ್ಕೆ ಪುತ್ತೂರಿನ ಸರ್ವಿಸ್ ಸೆಂಟರಿಗೆ ಮುಟ್ಟಿಸಿದ. ನಾನು ಮತ್ತು ಮೊಮ್ಮಗಳು ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು ಕೂತಿದ್ದೆವು. ನಮ್ಮನ್ನು ಬಿಟ್ಟು ಮಗ ಬಸ್ಸು ಹಿಡಿದು ಅವನ ಕೆಲಸಕ್ಕೆ ಹೋದ. ಕೌಂಟರಿನಲ್ಲಿದ್ದವರು ಒಳ್ಳೆಯ ಮಾತಿನವರು.

"ಎಲ್ಲ ಫ್ರೀ ಅಜ್ಜಿ. ಸಾಮಾನೂ ಸ್ಟಾಕಿನಲ್ಲುಂಟು, ಎರಡು ಗಂಟೆಯ ಕೆಲಸ. ಒಂದು ಓಟಿಪಿ ಬಂದಿದೆ, ಹೇಳಿ."

"ಯಾರ ಫೋನಿಗೆ?"

ಅವರು ನಂಬರಿನ ಕೊನೆಯ ಅಂಕೆಗಳನ್ನು ಓದಿದರು. ಅಣ್ಣನದ್ದು.

"ಈ ನಂಬರು ತೆಗೆದು ನನ್ನದು ಹಾಕಿ ಸರ್" ಎಂದಳು ಮೊಮ್ಮಗಳು.

"ಅದಕ್ಕೂ ಓಟಿಪಿ ಹಳೆಯ ನಂಬರಿಗೇ ಹೋಗುದಮ್ಮ. ಎಂತ ಮಾಡುದು, ಕಂಪ್ಯೂಟರು ಕೇಳುದಿಲ್ಲ. ಓನರ್ ಹತ್ತಿರ ಹೋಗಿ ನನಗೆ ಫೋನ್ ಮಾಡಿ. ನಾನು ಮತ್ತೊಮ್ಮೆ ಕಳಿಸ್ತೇನೆ. ಹತ್ತು ನಿಮಿಷದೊಳಗೆ ಹೇಳ್ಬೇಕು."

ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಉಪ್ಪಿನಂಗಡಿಗೆ ಹೋದೆವು. ಅಣ್ಣ ಚಾವಡಿಯಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದ, ಮತ್ತೆ ಕೂತ. ಅತ್ತಿಗೆ ಬೆಲ್ಲ ನೀರು ತಂದಿಟ್ಟರು. ಮೊಮ್ಮಗಳು ಅಜ್ಜ ಎಂದು ಕರೆದು, ಏರ್‌ಬ್ಯಾಗಿನ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅತ್ತಿಗೆ ಹಣೆಗೆ ಕೈ ಇಟ್ಟುಕೊಂಡರು.

"ಅಯ್ಯೋ ದೇವರೇ! ಅದೇ ಆ ಉದ್ದದ ಕವರು! ಪೋಸ್ಟಿನವ ಮೂರು ಸಲ ತಂದಿದ್ದ. ಇವರು ಮುಟ್ಟಲೇ ಇಲ್ಲ."

"ನೀನು ಒಳಗೆ ಹೋಗು" ಎಂದ ಅಣ್ಣ.

"ಯಾಕೆ ಮುಟ್ಟಲಿಲ್ಲ ಅಣ್ಣ?" ಎಂದೆ ನಾನು.

"ನನಗೆ ಎಂತ ಗೊತ್ತು ಕಾರಿನದ್ದು ಅಂತ? ರಿಜಿಸ್ಟರ್ ಪೋಸ್ಟು, ಮೇಲೆ ಇಂಗ್ಲಿಷಿನಲ್ಲಿ ಟೈಪು. ನೀನು ವಕೀಲನಿಂದ ಬಿಡಿಸಿದ ನೋಟೀಸು ಅಂತ ಗ್ರಹಿಸಿದೆ. ಕೈಯಲ್ಲಿ ಹಿಡಿದ್ರೆ ಅಲ್ವಾ ಕೇಸು ಶುರುವಾಗುದು? ವಾಪಸ್ ಕಳಿಸಿದೆ."

"ನನ್ನ ವಕೀಲನಾ! ಕೋರ್ಟಿನ ಮೆಟ್ಟಿಲು ಯಾವ ಕಡೆ ಉಂಟು ಅಂತ ನನಗೆ ಗೊತ್ತಿಲ್ಲ."

"ಸಹಿ ಹಾಕದೆ ಹೋದವಳನ್ನು ಮತ್ತೆ ಎಂತ ಗ್ರಹಿಸುದು ಮಾರಾಯ್ತಿ?"

ಬೆಲ್ಲದ ತುಂಡು ನನ್ನ ಬಾಯಿಯಲ್ಲೇ ಕರಗದೆ ಉಳಿಯಿತು. ತಂಗಿ ಕೇಸು ಹಾಕುತ್ತಾಳೆ ಎಂದು ಇಷ್ಟು ವರ್ಷ ಇವನು ಪೋಸ್ಟಿನವನಿಗೆ ಹೆದರಿ ಕೂತಿದ್ದ. ಒಂದು ಸಲ ಫೋನ್ ಮಾಡಿ, ಎಂತ ಇದು ಎಂದು ನನ್ನನ್ನು ಬೈಯಬಹುದಿತ್ತು. ಬೈಯುವಷ್ಟು ಕೂಡ ನಾನು ಅವನಿಗೆ ಉಳಿದಿರಲಿಲ್ಲ. ಅವನು ಬೇಡವೆಂದು ತಿರುಗಿಸಿದ ಆ ಒಂದೊಂದು ಕವರಿನ ಕಾಲದಲ್ಲಿ ನನ್ನ ಮೊಮ್ಮಗಳು ಕಾಲು ಆಡಿಸುತ್ತಾ ಆ ಡಬ್ಬಿಯ ಮುಂದೆ ಕೂತು ಸುಳ್ಯಕ್ಕೆ ಹೋಗುತ್ತಿದ್ದಳು. ಸಂಪಾಜೆಯ ತಿರುವುಗಳಲ್ಲಿ ಮಡಿಕೇರಿಗೂ ಹೋಗಿ ಬಂದಿದ್ದಳು. ಅವನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹೆಸರು ಬದಲಿಸುವುದು ಬೇಡ ಎಂದದ್ದು ನನ್ನ ಬಾಯಿಯೇ.

"ಆದದ್ದು ಆಯ್ತು. ಈಗ ಆ ನಂಬರು ಹೇಳು ಅಣ್ಣ."

"ಹೇಳ್ಲಿಕ್ಕೆ ಎಂತ, ಹೇಳ್ತೇನೆ." ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನೀನೂ ಒಂದು ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಿ. ಅದು ಮುಗಿಯದೆ ಈ ಜಾಗದ ಮೇಲೆ ನನಗೆ ಬ್ಯಾಂಕಿನಲ್ಲಿ ಯಾವ ಕಾಗದವೂ ಆಗುದಿಲ್ಲ. ರಿಜಿಸ್ಟ್ರಿಗೆ ಬರ್ತೇನೆ ಅಂತ ಹೇಳು, ಇಬ್ಬರದ್ದೂ ಮುಗಿಯಲಿ."

ಮೊಮ್ಮಗಳು ಚೀಲ ಹೆಗಲಿಗೆ ಹಾಕಿ ಎದ್ದೇಬಿಟ್ಟಳು. "ಏಳಿ ಅಜ್ಜಿ. ನನಗೆ ಈ ಕಾರೂ ಬೇಡ, ಆ ಕೆಲಸವೂ ಬೇಡ."

ಅವಳ ಮುಖ ನೋಡಿದೆ. ಕೆಲಸದ ಪತ್ರ ಬಂದ ದಿನ ಅವಳು ಅಡಿಗೆಮನೆಯಲ್ಲಿ ನನ್ನನ್ನು ಎತ್ತಿ ತಿರುಗಿಸಿದ್ದಳು, ನನ್ನ ಕನ್ನಡಕ ಬಿದ್ದು ಒಲೆಯ ಬುಡಕ್ಕೆ ಹೋಗಿತ್ತು. ಅದೇ ಕೆಲಸವನ್ನು ಈಗ ಬೇಡ ಎನ್ನುತ್ತಿದ್ದಳು. ಈ ತವರಿನ ಮಣ್ಣಿನಲ್ಲಿ ನನ್ನ ಪಾಲು ಎಷ್ಟು, ಯಾವ ಕಡೆಯದ್ದು, ನನಗೆ ಗೊತ್ತಿಲ್ಲ. ಅದರಿಂದ ಇವತ್ತಿನವರೆಗೆ ಒಂದು ತೆಂಗಿನಕಾಯಿ ಮನೆಗೆ ಬಂದದ್ದಿಲ್ಲ.

"ಬರ್ತೇನೆ" ಎಂದೆ. "ಬುಧವಾರ ಬರ್ತೇನೆ. ಆದರೆ ಓದಿಯೇ ಸಹಿ ಹಾಕುದು."

"ಓದು ಮಾರಾಯ್ತಿ. ಯಾರು ಬೇಡ ಹೇಳಿದ್ದು?"

ಎಷ್ಟು ಸಲೀಸಾಗಿ ಹೇಳಿದ! ಆ ಪಂಕ್ತಿಯ ನಗು ಅವನಿಗೆ ನೆನಪೇ ಇರಲಿಲ್ಲ. ಅದನ್ನು ಹೊತ್ತುಕೊಂಡು ಬದುಕಿದವಳು ನಾನೊಬ್ಬಳೇ.

ಮೊಮ್ಮಗಳು ಮುಖ ಊದಿಸಿಕೊಂಡೇ ಸೆಂಟರಿಗೆ ಫೋನ್ ಮಾಡಿದಳು. ಅಣ್ಣನ ಫೋನು ಸದ್ದು ಮಾಡಿತು. ಅವನು ಕೈ ಉದ್ದ ಮಾಡಿ, ಕಣ್ಣು ಸಣ್ಣ ಮಾಡಿ, ಒಂದೊಂದೇ ಅಂಕೆ ಹೇಳಿದ. ಆರು ಅಂಕೆ. ಮತ್ತೊಮ್ಮೆ ಸದ್ದಾಯಿತು, ಮತ್ತೆ ಆರು. ಎರಡನೆಯದು ನಂಬರು ಬದಲಿಸಲು. ಅಷ್ಟೇ ಕೆಲಸ. ಊಟ ಮಾಡಿ ಹೋಗಿ ಎಂದು ಅತ್ತಿಗೆ ಬಾಗಿಲಿನವರೆಗೆ ಬಂದರು. ಕಾರು ಕಾಯುತ್ತದೆ ಎಂದು ಹೇಳಿ ಇಳಿದೆವು.

ಸೆಂಟರಿನಲ್ಲಿ ಗಾಜಿನಾಚೆಯಿಂದ ನೋಡುತ್ತಾ ನಿಂತೆ. ಸ್ಟೇರಿಂಗಿನ ನಡುವಿನ ಮುಚ್ಚಳ ತೆಗೆದು, ಮಡಚಿದ ಚೀಲದ ಜೊತೆ ಒಂದು ಗಟ್ಟಿ ಸಾಮಾನು ಹೊರಗೆ ತೆಗೆದರು. ಅದು ಇಷ್ಟು ಸಣ್ಣದಾ! ಮುಗಿದ ಮೇಲೆ ಕೌಂಟರಿನವರು ಕೀ ಕೊಟ್ಟು, "ಇನ್ನು ಧೈರ್ಯದಲ್ಲಿ ಬಿಡಿ. ನಿಮಗೆ ಒಂದು ರೂಪಾಯಿ ಖರ್ಚಿಲ್ಲ ನೋಡಿ" ಎಂದು ನಕ್ಕರು. ಹೌದು ಹೌದು ಎಂದು ನಾನೂ ನಕ್ಕೆ. ನಿಜವಾಗಿ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಸಂಜೆ ಸೊಸೆ ನೀರುದೋಸೆ, ಕೋಳಿ ಸಾರು ಮಾಡಿದಳು. ಮಗ ಬಂದು ಕೈಕಾಲು ತೊಳೆದು ಕೂತ. ನಾನು ಹೇಳುವ ಮೊದಲೇ ಮೊಮ್ಮಗಳು ಅಪ್ಪನಿಗೆ ಬುಧವಾರದ ಸಂಗತಿ ಹೇಳಿಬಿಟ್ಟಳು.

ಮಗನ ಕೈ ಬಟ್ಟಲಿನಲ್ಲೇ ನಿಂತಿತು. "ಅಮ್ಮ, ಅದು ನಿಮ್ಮ ಹಕ್ಕು. ಒಂದು ಓಟಿಪಿಗೆ ಕೊಟ್ಟು ಬರುದಾ?"

"ಒಪ್ಪಿ ಆಯ್ತು. ದೋಸೆ ತಣಿತದೆ, ತಿನ್ನು."

"ನನಗೋಸ್ಕರ ಅಂತ ಹೇಳ್ಬೇಡಿ ಅಜ್ಜಿ. ನಾನು ಕೇಳಿದ್ದಾ?" ಎಂದಳು ಮೊಮ್ಮಗಳು.

"ನೀನು ಕೇಳ್ಲಿಲ್ಲ. ನನಗೆ ನೀನು ಬೇಕು, ಅದಕ್ಕೆ ಕೊಟ್ಟದ್ದು."

ಮೊಮ್ಮಗಳು ಮೂಗು ಒರೆಸಿಕೊಂಡು ಮತ್ತೆರಡು ದೋಸೆ ಎಳೆದುಕೊಂಡಳು. "ಸೋಮವಾರ ಎಷ್ಟು ಗಂಟೆಗೆ ಹೊರಡುದು?" ಎಂದು ಸೊಸೆ ಕೇಳಿದಳು. ಏಳೂವರೆಗೆ ಎಂದಳು ಮೊಮ್ಮಗಳು. ಟಯರಿನ ಗಾಳಿ ನಾಳೆ ನೋಡಿಡುತ್ತೇನೆ ಎಂದ ಮಗ, ಮತ್ತೆ ತಿನ್ನಲು ಶುರು ಮಾಡಿದ. ಸೊಸೆ ಕೊನೆಯ ದೋಸೆಯನ್ನು ಕಾವಲಿಯಿಂದ ಎತ್ತಿ ತಂದು ನಮ್ಮ ಜೊತೆ ಕೂತಾಗ ಪಾತ್ರೆಯಲ್ಲಿ ಸಾರು ತಳದಲ್ಲಷ್ಟೇ ಉಳಿದಿತ್ತು. ಅದನ್ನೂ ನಾಲ್ವರೂ ಹಂಚಿಕೊಂಡು ತಿಂದೆವು.